ಮಾರ್ಟಿನಿ: ‘ಕಲಕಿ’ ಅನ್ನೋದಾ ‘ಕುಲುಕಿ’ ಅನ್ನೋದಾ, ಮತ್ತೆ ‘ಡ್ರೈ’ಗೆ ಏನನ್ನೋದು?

ಎಲ್ರಿಗೂ ನಮಸ್ಕಾರ. ಮನೇಲಿ ಮಾರ್ಟಿನಿ ಅನ್ನೋ ಕಾಕ್‌ಟೇಲ್ ಮಾಡೋದು ಹೇಗೆ ಅಂತ ಕನ್ನಡದಲ್ಲಿ ಬರೆದುಕೊಡು ಅಂತ ನಮ್ಮಕ್ಕ ಕೇಳಿದ್ಲು. ಬರೆದುಕೊಟ್ಟೆ: 60 ಎಂಎಲ್ ಜಿನ್, 10 ಎಂಎಲ್ ಡ್ರೈ ವರ್ಮೂತ್ (ಗಿಡಮೂಲಿಕೆ ಸೇರಿಸಿ ಮಾಡೋ ಒಂದು ತರದ ವೈನ್), ದೊಡ್ಡ ಗಾಜಿನ ಲೋಟದ ತುಂಬಾ ಐಸು, ‘ಅರ್ಧ ನಿಮಿಷ ಚೆನ್ನಾಗಿ ಕಲಕಿ’, ತಣ್ಣಗಿರೋ ಗ್ಲಾಸಿಗೆ ಸೋಸಿ, ನಿಂಬೆ ಸಿಪ್ಪೆ ತಿರುಚಿ ಹಾಕಿ. ಅವಳು ಎಲ್ಲಾನೂ ಮುಚ್ಚಳ ಇರೋ ಜಾಡಿಗೆ ಹಾಕಿ ಜೋರಾಗಿ ಅಲ್ಲಾಡಿಸಿಬಿಟ್ಟಿದ್ಲು. ಫೋಟೋ ಕಳಿಸಿದ್ಲು, ಉಸಿರು ಬಿಟ್ಟ ಕನ್ನಡಿ ತರ ಮಬ್ಬು ಮಬ್ಬಾಗಿತ್ತು, ಮೇಲೆ ಐಸಿನ ಸಣ್ಣ ಚೂರುಗಳು ತೇಲ್ತಿದ್ವು. ‘ನೀನೇ ಚೆನ್ನಾಗಿ ಕಲಕು ಅಂತ ಬರೆದಿದ್ದೀಯಲ್ಲೋ’ ಅಂದ್ಲು. ಅಲ್ಲಿಂದ ಶುರುವಾಯ್ತು ಈ ಯೋಚನೆ.

ಇಂಗ್ಲಿಷಿನ ‘ಸ್ಟಿರ್’ಗೆ ನಾವು ಕಣ್ಣುಮುಚ್ಚಿ ಕಲಕು ಅಂತೀವಿ, ‘ಶೇಕ್’ಗೆ ಕುಲುಕು. ಬರೀ ಒಂದೆರಡು ಕೊಂಬಿನ ವ್ಯತ್ಯಾಸ, ಅವಸರದಲ್ಲಿ ಓದಿದ್ರೆ ಒಂದು ಇನ್ನೊಂದಾಗುತ್ತೆ, ಆದ್ರೆ ನನಗೆ ಕಾಡ್ತಿರೋದು ಅದಲ್ಲ. ಕಲಕು ಅನ್ನೋದರ ಒಳಗೇ ‘ರಾಡಿ ಮಾಡು’ ಅನ್ನೋ ಅರ್ಥ ಕೂತಿದೆ. ಹಳಗನ್ನಡದ ಕಲಂಕು ಅಂದ್ರೆ ಬಗ್ಗಡ ಆಗೋದು, ಮನಸ್ಸು ಕಲಕಿತು ಅಂದ್ರೆ ತಿಳಿಯಾಗಿದ್ದದ್ದು ತಿಳಿಯಾಗಿ ಉಳೀಲಿಲ್ಲ ಅಂತ. ಕದಡು ಅಂತೂ ಇನ್ನೂ ಸ್ಪಷ್ಟ, ಕೆಸರು ಎದ್ದೇ ಏಳುತ್ತೆ. ಮಾರ್ಟಿನೀಲಿ ಚಮಚ ಆಡಿಸೋದು ಸರಿಯಾಗಿ ಇದಕ್ಕೆ ಉಲ್ಟಾ ಕಾರಣಕ್ಕೆ. ಕುಲುಕಿದ್ರೆ ಗಾಳಿ ಸೇರಿ ಸಣ್ಣ ಗುಳ್ಳೆಗಳಾಗ್ತವೆ, ಐಸು ಒಂದಕ್ಕೊಂದು ಬಡಿದು ಚೂರಾಗುತ್ತೆ, ಅದಕ್ಕೇ ಆ ಮಬ್ಬು. ನಿಂಬೆರಸ ಇರೋ ಕಾಕ್‌ಟೇಲಿಗೆ ಅದು ಬೇಕು, ಇದಕ್ಕೆ ಬೇಡ. ಉದ್ದ ಹಿಡಿಯ ಚಮಚಾನ ಲೋಟದ ಒಳಗೋಡೆಗೆ ತಾಗಿಸಿ ಹಿಡಿದು ಮೆಲ್ಲಗೆ ಸುತ್ತಿಸಿದ್ರೆ ಐಸಿನ ಗಡ್ಡೆಗಳೆಲ್ಲ ಒಟ್ಟಿಗೇ, ಹೆಚ್ಚು ಸದ್ದಿಲ್ಲದೆ ತಿರುಗ್ತವೆ, ಲೋಟದ ಹೊರಗೆ ಮಂಜು ಕಟ್ಟುತ್ತೆ, ಒಳಗಿರೋದು ಮಾತ್ರ ಗಾಜಿನಷ್ಟೇ ತಿಳಿ. ಆಲ್ಕೋಹಾಲ್ ಇರೋದ್ರಿಂದ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದ್ರೂ ಹೆಪ್ಪುಗಟ್ಟಲ್ಲ. ಇಷ್ಟು ತಿಳಿಯಾಗಿರೋದನ್ನ ‘ಕಲಕಿದ ಮಾರ್ಟಿನಿ’ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ.

ಬೇರೆ ಪದ ಹುಡುಕಿದೆ. ಕಲಸು ಅಂದ್ರೆ ಹಿಟ್ಟು ನೆನಪಾಗುತ್ತೆ, ಮಗುಚು ಅಂದ್ರೆ ತಳಮೇಲು ಮಾಡಬೇಕು, ಕಡೆ ಅಂದ್ರೆ ನೊರೆ ಬರಬೇಕು. ‘ಕೈಯಾಡಿಸು’ ನನಗೆ ತುಂಬಾ ಹತ್ತಿರ ಅನ್ನಿಸ್ತು, ಒಲೆ ಮುಂದೆ ನಿಂತು ‘ಬಿಡದೆ ಕೈಯಾಡಿಸ್ತಾ ಇರು’ ಅಂತೀವಲ್ಲ, ಅದರಲ್ಲಿ ತಾಳ್ಮೆ ಇದೆ, ರಭಸ ಇಲ್ಲ. ಆದ್ರೆ ಒಲೆ ಗೊತ್ತಿಲ್ಲದವರು ನಿಜವಾಗ್ಲೂ ಕೈ ಹಾಕಬೇಕಾ ಅಂತ ಕೇಳಿದ್ರೆ? ಸದ್ಯಕ್ಕೆ ‘ಚಮಚ ಆಡಿಸಿ’ ಅಂತ ತಿದ್ದಿದ್ದೀನಿ. ಹಾಗೇ ‘ಸೋಸಿ’ ಅನ್ನೋದನ್ನೂ ‘ಬಸಿದುಕೊಳ್ಳಿ’ ಅಂತ ಮಾಡಿದೆ, ಗಟ್ಟಿ ಇರೋದನ್ನ ತಡೆದು ನೀರಾಗಿರೋದನ್ನ ಮಾತ್ರ ಬಗ್ಗಿಸೋದಕ್ಕೆ ಬಸಿ ಅನ್ನೋದೇ ಸರಿ.

ಇನ್ನು ಡ್ರೈ, ಅಂದ್ರೆ ವೈನಿನ ಮಾತಲ್ಲಿ ಸಿಹಿ ಮುಂದೆ ಬರದೇ ಇರೋದು. ಫ್ರೆಂಚರು ಸೆಕ್, ಇಟಲಿಯವರು ಸೆಕ್ಕೋ, ಜರ್ಮನರು ಟ್ರೋಕನ್ ಅಂತಾರೆ, ಎಲ್ಲಕ್ಕೂ ಒಣ ಅಂತಲೇ ಅರ್ಥ, ಹಾಗಾಗಿ ನಾವೂ ‘ಒಣ ವರ್ಮೂತ್’ ಅಂದ್ರೆ ತಪ್ಪೇನು ಅಂತ ಒಬ್ಬ ಸ್ನೇಹಿತರು ವಾದ ಮಾಡಿದ್ರು. ನನಗೆ ಒಪ್ಪಿಗೆ ಆಗಲಿಲ್ಲ. ಕನ್ನಡದಲ್ಲಿ ಒಣ ಜಂಬ, ಒಣ ಹರಟೆ, ಒಣ ಪಾಂಡಿತ್ಯ, ಎಲ್ಲ ಕಡೆ ಒಣ ಅಂದ್ರೆ ಸತ್ವ ಇಲ್ಲದ್ದು. ಆದ್ರೆ ಅವರು ತಕ್ಷಣ ‘ಒಣ ಕೆಮ್ಮು’ ಅಂದ್ರು, ಅಲ್ಲಿ ಬೈಗುಳ ಇಲ್ಲ, ಕಫ ಇಲ್ಲ ಅಂತ ಅಷ್ಟೇ. ಅದು ಒಳ್ಳೇ ಉತ್ತರಾನೇ, ಒಪ್ಕೋತೀನಿ. ಹಾಗಂತ ‘ಸಿಹಿಯಿಲ್ಲದ’ ಅಂತ ಬರೆದ್ರೆ ಸುಳ್ಳಾಗುತ್ತೆ: ಯುರೋಪಿನ ನಿಯಮದಲ್ಲಿ ವರ್ಮೂತಿಗೆ ಡ್ರೈ ಅನ್ನಿಸ್ಕೊಳ್ಳೋಕೆ ಲೀಟರಿಗೆ 50 ಗ್ರಾಮಿಗಿಂತ ಕಡಿಮೆ ಸಕ್ಕರೆ ಇದ್ರೆ ಸಾಕು, ಎಕ್ಸ್‌ಟ್ರಾ ಡ್ರೈಗೆ 30ಕ್ಕಿಂತ ಕಡಿಮೆ. ಅಂದ್ರೆ ಸಿಹಿ ಇದ್ದೇ ಇರುತ್ತೆ, ಮುಂದೆ ಬರಲ್ಲ. ‘ಸಿಹಿ ಕಮ್ಮಿ’ ಅನ್ನಬಹುದೇನೋ.

ಆದ್ರೆ ‘ಡ್ರೈ ಮಾರ್ಟಿನಿ’ ಬಂದಾಗ ಅದೂ ಕೈ ಕೊಡುತ್ತೆ. ಮೊದಮೊದಲ ಮಾರ್ಟಿನಿಗಳಲ್ಲಿ ಸಿಹಿ ವರ್ಮೂತೇ ಇರ್ತಿತ್ತು, ಆಮೇಲೆ ಡ್ರೈ ವರ್ಮೂತ್ ಹಾಕಿದ್ದಕ್ಕೆ ಡ್ರೈ ಮಾರ್ಟಿನಿ ಅನ್ನೋದು ಬಳಕೆಗೆ ಬಂತು. ಈಗ ಜನ ‘ಇನ್ನೂ ಡ್ರೈ ಮಾಡಿ’ ಅಂದ್ರೆ ವರ್ಮೂತನ್ನೇ ಇನ್ನೂ ಕಡಿಮೆ ಹಾಕಿ ಅಂತ ಅರ್ಥ. ಬಾಟ್ಲಿ ಮೇಲಿನ ಡ್ರೈ ರುಚಿ ಬಗ್ಗೆ, ಗ್ಲಾಸಿನ ಡ್ರೈ ಅಳತೆ ಬಗ್ಗೆ. ಒಂದೇ ಪದ ಹಾಕಿದ್ರೆ ಓದೋರು ಹಾದಿ ತಪ್ತಾರೆ, ಅದಕ್ಕೆ ಎರಡನೇದಕ್ಕೆ ನಾನು ‘ವರ್ಮೂತ್ ಕಮ್ಮಿ’ ಅಂತ ನೇರವಾಗೇ ಬರೀತೀನಿ.

ವರ್ಮೂತಿಗೇ ಕನ್ನಡ ಹೆಸರು ಕೊಡೋಣ ಅನ್ನೋರಿಗೆ ಒಂದು ಮಾತು. ಅದು ಜರ್ಮನಿನ ವೆರ್ಮುಟ್‌ನಿಂದ ಬಂದದ್ದು, ಅದೊಂದು ಗಿಡದ ಹೆಸರು, ಆ ಗಿಡ ನಮ್ಮ ದವನದ ಕುಲದ್ದೇ, ಎರಡೂ ಆರ್ಟಿಮೀಸಿಯಾ. ಹಾಗಂತ ‘ದವನದ ವೈನ್’ ಅನ್ನಬೇಡಿ. ಒಂದೇ ಕುಲ ಆದ್ರೂ ಗಿಡ ಬೇರೆ, ಅದು ಕಡುಕಹಿ, ದವನ ಅಂದ ಕೂಡ್ಲೆ ನಮಗೆ ಬರೋದು ಘಮ.

ನನ್ನ ಪ್ರಶ್ನೆ ಮೊದಲನೇದೇ: ನೀರನ್ನ ರಾಡಿ ಮಾಡದೆ, ತಿಳಿ ಕೆಡಿಸದೆ ಮೆಲ್ಲಗೆ ಸುತ್ತಿಸೋದಕ್ಕೆ ನಿಮ್ಮ ಕಡೆ ಒಂದೇ ಪದದ ಕ್ರಿಯಾಪದ ಏನಾದ್ರೂ ಇದೆಯಾ? ಮನೇಲಿ ದೊಡ್ಡೋರನ್ನ ಕೇಳಿ ನೋಡಿ, ಮಾತಲ್ಲಿ ಹೇಗೆ ಬರುತ್ತೋ ಹಾಗೇ, ಪೂರ್ತಿ ವಾಕ್ಯದ ಸಮೇತ ಬರೆದು ತಿಳಿಸಿ.