ಹೆಡ್‌ಫೋನಿನಲ್ಲಿ ನನ್ನ ದನಿ ನನಗೇ ತಡವಾಗಿ ಕೇಳುತ್ತಿದೆ, ಸಾಫ್ಟ್‌ವೇರ್ ಬದಲಿಸಲಾ?

ಕಂಬಳಿಕೊಪ್ಪೆ (ಹೊಸನಗರ ತಾಲೂಕು)

ಎಲ್ಲರಿಗೂ ನಮಸ್ಕಾರ. ಹಗಲು ತೋಟ, ರಾತ್ರಿ ಹಾಡು. ಗೆಳೆಯರೊಬ್ಬರು ಕವಿತೆ ಬರೆಯುತ್ತಾರೆ, ನಾನು ರಾಗ ಹಾಕುತ್ತೇನೆ. ಇಷ್ಟು ದಿನ ಹಾರ್ಮೋನಿಯಂ ಪಕ್ಕ ಫೋನ್ ಇಟ್ಟು ರೆಕಾರ್ಡ್ ಮಾಡುತ್ತಿದ್ದೆ. ಈ ಸಲ ಸ್ವಲ್ಪ ಸರಿಯಾಗಿ ಮಾಡೋಣ ಅಂತ ಎರಡು ಇನ್‌ಪುಟ್‌ನ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ), ಒಂದು ಡೈನಾಮಿಕ್ ಮೈಕ್ ತಗೊಂಡೆ. ಲ್ಯಾಪ್‌ಟಾಪ್ ಹಳೆಯದು, ವಿಂಡೋಸ್ 10, ರ‍್ಯಾಮ್ 8 ಜಿಬಿ.

ಮೊದಲು ಎಫ್‌ಎಲ್ ಸ್ಟುಡಿಯೋ ಅನ್ನುವ ಹಾಡು ಮಾಡುವ ಸಾಫ್ಟ್‌ವೇರಿನ ಟ್ರಯಲ್ ಹಾಕಿದೆ. ಒಂದು ಹಾಡು ಅರ್ಧ ಮಾಡಿ ಸೇವ್ ಮಾಡಿದೆ. ಮಾರನೇ ದಿನ ತೆಗೆಯಲು ಹೋದರೆ ತೆರೆಯಲೇ ಇಲ್ಲ. ಆಮೇಲೆ ರೀಪರ್ ಅನ್ನುವ ಇನ್ನೊಂದನ್ನು ಹಾಕಿದೆ. ಇದರಲ್ಲಿ ಕಷ್ಟ ಬೇರೆ. ಹಾಡುವಾಗ ನನ್ನ ದನಿ ಹೆಡ್‌ಫೋನಿನಲ್ಲಿ ತಡವಾಗಿ ಬರುತ್ತದೆ. "ಸಾ" ಅಂದು ಮುಗಿಸಿ "ರಿ"ಗೆ ಹೋಗುವಾಗ "ಸಾ" ಕೇಳುತ್ತದೆ. ತಾಳ ಎಲ್ಲಾ ಹರಿದು ಹೋಗುತ್ತಿದೆ. ಎಲ್ಲೋ ನೋಡಿ ಬಫರ್ ಅನ್ನುವ ಸೆಟ್ಟಿಂಗ್ 64ಕ್ಕೆ ಇಳಿಸಿದೆ, ಆಗ ಬಾಣಲೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಶಬ್ದ.

ಬಜೆಟ್ ಹದಿನೈದು ಸಾವಿರ. ಬೇರೆ ಸಾಫ್ಟ್‌ವೇರ್ ಕೊಳ್ಳಲಾ, ಒಳ್ಳೆಯ ಪ್ಲಗಿನ್ (ಸಾಫ್ಟ್‌ವೇರಿನೊಳಗೆ ಸೇರಿಸುವ ವಾದ್ಯ, ಎಫೆಕ್ಟ್) ಕೊಳ್ಳಲಾ? ತಂಬೂರಿ, ತಬಲಾ, ಕೊಳಲು, ಸ್ವಲ್ಪ ವಯಲಿನ್ ಗುಂಪು ಬೇಕು. ಅಷ್ಟೇ.

ಶಿಮೊಗ್ಗಬೀಟ್ಸ್

ಎಫ್‌ಎಲ್ ತಗೊಳ್ಳಿ ಸರ್, ಕಣ್ಣು ಮುಚ್ಚಿ. ಟ್ರಯಲ್‌ನಲ್ಲಿ ಸೇವ್ ಮಾಡಿದ್ದು ಮತ್ತೆ ತೆರೆಯಲ್ಲ, ಅದು ಅವರ ನಿಯಮ. ದುಡ್ಡು ಕಟ್ಟಿದ ಮೇಲೆ ಅದೇ ಫೈಲ್ ತೆರೆಯುತ್ತದೆ, ಹಾಡು ಎಲ್ಲೂ ಹೋಗಿಲ್ಲ. ಒಮ್ಮೆ ಕೊಂಡರೆ ಜೀವನಪೂರ್ತಿ ಅಪ್‌ಡೇಟ್ ಉಚಿತ. ಕಡಿಮೆ ಬೆಲೆಯ ಫ್ರೂಟಿ ಎಡಿಷನ್ ಸಾಕು.

ಕಪ್ಪುಒಂದು (ತೀರ್ಥಹಳ್ಳಿ)

ಮೇಲಿನವರಿಗೆ ಒಂದು ತಿದ್ದುಪಡಿ. ಫ್ರೂಟಿ ಎಡಿಷನ್‌ನಲ್ಲಿ ದನಿ ರೆಕಾರ್ಡ್ ಮಾಡಿ ಟ್ರ್ಯಾಕಿನಲ್ಲಿ ಜೋಡಿಸಲು ಆಗುವುದಿಲ್ಲ. ಅದಕ್ಕೆ ಪ್ರೊಡ್ಯೂಸರ್ ಎಡಿಷನ್ ಬೇಕು. ಹಾಡುವವರಿಗೆ ಫ್ರೂಟಿ ಕೊಡಿಸುವುದು ಅಂದರೆ ಗದ್ದೆ ಇಲ್ಲದವರಿಗೆ ನೇಗಿಲು ಕೊಡಿಸಿದ ಹಾಗೆ. ಬೀಟ್ ಕಟ್ಟುವವರಿಗೆ ಎಫ್‌ಎಲ್ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ.

ಕಂಬಳಿಕೊಪ್ಪೆಯವರೇ, ಏನನ್ನೂ ಕೊಳ್ಳಬೇಡಿ, ಸ್ವಲ್ಪ ತಡೆಯಿರಿ. ದನಿ ತಡವಾಗುವುದು ಸಾಫ್ಟ್‌ವೇರಿನ ಹೆಸರಿನಿಂದ ಅಲ್ಲ. ಮೂರು ವಿಷಯ ಹೇಳಿ. ಹೆಡ್‌ಫೋನ್ ಬ್ಲೂಟೂತಾ, ವಯರ್ ಇರುವುದಾ? ರೀಪರ್‌ನಲ್ಲಿ ಆಪ್ಷನ್ಸ್, ಪ್ರಿಫರೆನ್ಸಸ್, ಆಡಿಯೋ, ಡಿವೈಸ್ ಅಂತ ಹೋದರೆ ಮೇಲೆ ಆಡಿಯೋ ಸಿಸ್ಟಮ್ ಅಂತ ಇರುತ್ತದೆ, ಅಲ್ಲಿ ಏನಿದೆ? ಇಂಟರ್‌ಫೇಸ್ ಕಂಪನಿಯ ಡ್ರೈವರ್ ಹಾಕಿದ್ದೀರಾ?

ಕಂಬಳಿಕೊಪ್ಪೆ

ವಯರ್ ಹೆಡ್‌ಫೋನೇ. ಆಡಿಯೋ ಸಿಸ್ಟಮ್ ಅಂದಲ್ಲಿ ಡೈರೆಕ್ಟ್‌ಸೌಂಡ್ ಅಂತಿದೆ. ಡ್ರೈವರ್ ಹಾಕಿಲ್ಲ, ಚುಚ್ಚಿದ ಕೂಡಲೇ ಕೆಲಸ ಮಾಡಿತು, ಹಾಗಾಗಿ ಬೇಡ ಅಂದುಕೊಂಡೆ.

ಕಪ್ಪುಒಂದು

ಅರ್ಧ ಕಾಯಿಲೆ ಅಲ್ಲೇ ಇದೆ. ಡೈರೆಕ್ಟ್‌ಸೌಂಡ್ ಅಂದರೆ ವಿಂಡೋಸಿನ ಸಾಮಾನ್ಯ ದಾರಿ. ಯೂಟ್ಯೂಬ್ ನೋಡಲು ಅದು ಸಾಕು, ಹಾಡಿಕೊಂಡೇ ಕೇಳಲು ಸಾಲದು. ರೆಕಾರ್ಡಿಂಗ್‌ಗೆ ಆಸಿಯೋ ಅಂತ ಬೇರೆ ದಾರಿ ಇದೆ, ಸ್ಟೈನ್‌ಬರ್ಗ್ ಕಂಪನಿ ಮಾಡಿದ್ದು. ನಿಮ್ಮ ಇಂಟರ್‌ಫೇಸ್ ಕಂಪನಿಯ ಸೈಟಿನಲ್ಲಿ ಆಸಿಯೋ ಡ್ರೈವರ್ ಇರುತ್ತದೆ. ಹಾಕಿ, ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ, ಆಡಿಯೋ ಸಿಸ್ಟಮ್‌ನಲ್ಲಿ ಆಸಿಯೋ ಆರಿಸಿ. ಸ್ವಂತ ಡ್ರೈವರ್ ಇಲ್ಲದ ಡಬ್ಬಿಯಾದರೆ ಮಾತ್ರ ಆಸಿಯೋ4ಆಲ್ ಅನ್ನುವ ಉಚಿತ ಡ್ರೈವರ್.

ಇನ್ನು ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಎತ್ತಿಕೊಳ್ಳುವ ದನಿಯ ತುಂಡು. ಬಾವಿಯಿಂದ ನೀರು ಸೇದುವ ಕೊಡಪಾನ ಅಂದುಕೊಳ್ಳಿ. ಕೊಡ ಚಿಕ್ಕದಾದರೆ ನೀರು ಬೇಗ ಮೇಲೆ ಬರುತ್ತದೆ, ಆದರೆ ಪದೇ ಪದೇ ಸೇದಬೇಕು. ಕೈ ಸೋತರೆ ನಡುವೆ ನೀರು ತಪ್ಪುತ್ತದೆ, ಅದೇ ನಿಮ್ಮ ಸಾಸಿವೆ ಶಬ್ದ. ಕೊಡ ದೊಡ್ಡದಾದರೆ ಕೈಗೆ ಆರಾಮ, ನೀರು ತಡ. ಲೆಕ್ಕ ಸುಲಭ: ಬಫರ್ ಸಂಖ್ಯೆಯನ್ನು ಸ್ಯಾಂಪಲ್ ರೇಟಿನಿಂದ (ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅನ್ನುವ ಸಂಖ್ಯೆ) ಭಾಗಿಸಿ. 48000 ಹರ್ಟ್ಸ್‌ನಲ್ಲಿ 128 ಅಂದರೆ 2.7 ಮಿಲಿಸೆಕೆಂಡ್, 256 ಅಂದರೆ 5.3, 1024 ಅಂದರೆ 21. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ, ಹಾಗಾಗಿ ಎರಡು ಪಟ್ಟು ಹಿಡಿಯಿರಿ. ಮೇಲೆ ಡ್ರೈವರಿನ ಚಿಲ್ಲರೆ. ಹಾಡುವಾಗ 128 ಅಥವಾ 256, ಮಿಕ್ಸ್ ಮಾಡುವಾಗ 1024. ಇದು ಎಲ್ಲ ಸಾಫ್ಟ್‌ವೇರಿಗೂ ಒಂದೇ.

ಪೆನ್‌ಡ್ರೈವ್

ಇಷ್ಟೆಲ್ಲಾ ಯಾಕೆ? ನನ್ನ ಹತ್ತಿರ ಎಲ್ಲಾ ದೊಡ್ಡ ಪ್ಲಗಿನ್‌ಗಳ ಕ್ರ್ಯಾಕ್ ಇದೆ, 200 ಜಿಬಿ. ಶಿವಮೊಗ್ಗಕ್ಕೆ ಬಂದರೆ ಕಾಪಿ ಮಾಡಿಕೊಡುತ್ತೇನೆ.

ತುಂಗೆಯದಡ (ಶಿವಮೊಗ್ಗ)

ಬೇಡ ಮಾರಾಯ್ರೆ. ಐದು ವರ್ಷದ ಹಿಂದೆ ನಾನೂ ಹೀಗೇ ಒಂದು ಅಂಗಡಿಯಲ್ಲಿ ತುಂಬಿಸಿಕೊಂಡು ಬಂದೆ. ಜೊತೆಗೆ ವೈರಸ್ ಬಂತು, ಮಗಳ ಮದುವೆಯ ಫೋಟೋಗಳೆಲ್ಲ ಲಾಕ್ ಆದವು. ಹಾಡಿಗಿಂತ ಹೆಚ್ಚು ಬೈಗುಳ ಕೇಳಿದೆ. ಅದು ಬಿಡಿ, 200 ಜಿಬಿ ಪ್ಲಗಿನ್ ಇದ್ದರೆ ಮನುಷ್ಯ ಹಾಡು ಮಾಡುವುದಿಲ್ಲ, ರಾತ್ರಿಯಿಡೀ ಪಿಯಾನೋ ಸೌಂಡ್ ಹುಡುಕುತ್ತಾ ಕೂರುತ್ತಾನೆ.

ಕಂಬಳಿಕೊಪ್ಪೆ

ಡ್ರೈವರ್ ಹಾಕಿದೆ. ನಮ್ಮಲ್ಲಿ ನೆಟ್‌ವರ್ಕಿಗೆ ಗುಡ್ಡ ಹತ್ತಬೇಕು, ಹಾಗಾಗಿ ಎರಡು ದಿನ ಹಿಡಿಯಿತು. ಆಸಿಯೋ ಆರಿಸಿ ಬಫರ್ 128 ಮಾಡಿದೆ. ತುಂಬಾ ಸುಧಾರಿಸಿದೆ. ಚಟಪಟ ಹೋಯಿತು. ಆದರೆ ದನಿ ಇನ್ನೂ ಸ್ವಲ್ಪ ತಡ. ವಿಚಿತ್ರ ಏನೆಂದರೆ, ಹೊಸ ಪ್ರಾಜೆಕ್ಟ್ ತೆರೆದು ಹಾಡಿದರೆ ಸರಿ ಇದೆ. ಈ ಹಾಡಿನ ಪ್ರಾಜೆಕ್ಟಿನಲ್ಲಿ ಮಾತ್ರ ತಡ. ಫೈಲೇ ಕೆಟ್ಟಿರಬಹುದಾ?

ಕಪ್ಪುಒಂದು

ಫೈಲ್ ಕೆಟ್ಟಿಲ್ಲ. ಆ ಪ್ರಾಜೆಕ್ಟಿನಲ್ಲಿ ಯಾವುದೋ ಪ್ಲಗಿನ್ ದನಿಯನ್ನು ಹಿಡಿದಿಟ್ಟುಕೊಂಡು ಬಿಡುತ್ತಿದೆ. ದನಿಯ ಟ್ರ್ಯಾಕಿನಲ್ಲಿ ಎಫ್‌ಎಕ್ಸ್ ಒತ್ತಿ. ಬರುವ ಕಿಟಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಸಿಪಿಯು ಶೇಕಡಾ ಇರುತ್ತದೆ, ಪಕ್ಕದಲ್ಲಿ ಸ್ಯಾಂಪಲ್ ಲೆಕ್ಕ. ಆ ಸಂಖ್ಯೆ ಎಷ್ಟಿದೆ? ಎಲ್ಲ ಟ್ರ್ಯಾಕ್ ಸೇರುವ ಮಾಸ್ಟರ್ ಟ್ರ್ಯಾಕಿನಲ್ಲೂ ನೋಡಿ.

ಕಂಬಳಿಕೊಪ್ಪೆ

ಮಾಸ್ಟರ್ 0. ದನಿಯ ಟ್ರ್ಯಾಕ್ 4096.

ಅದರಲ್ಲಿ ಇರುವುದು ಒಂದೇ ಪ್ಲಗಿನ್, ರೀಪರ್ ಜೊತೆಗೇ ಬಂದ ರಿಯಾ-ಫಿರ್. ಮನೆಗೆ ಅರ್ಧ ಹಂಚು, ಅರ್ಧ ಶೀಟು. ಆಷಾಢದ ಮಳೆ ಗೊತ್ತಲ್ಲ, ಶೀಟಿನ ಮೇಲೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಮಳೆಯ ಸದ್ದು ಕಳೆಯಲು ಅದನ್ನು ಸಬ್‌ಟ್ರ್ಯಾಕ್ಟ್ ಮೋಡಿಗೆ ಹಾಕಿ ಅಂತ ಒಂದು ವಿಡಿಯೋದಲ್ಲಿ ನೋಡಿದ್ದೆ.

ಕಪ್ಪುಒಂದು

ಸಿಕ್ಕಿತು ಕಳ್ಳ! 4096ನ್ನು 48000ದಿಂದ ಭಾಗಿಸಿ, 85 ಮಿಲಿಸೆಕೆಂಡ್. ಶಬ್ದ ಅಷ್ಟು ಹೊತ್ತಿನಲ್ಲಿ ಸುಮಾರು 29 ಮೀಟರ್ ಹೋಗುತ್ತದೆ. ಅಂದರೆ ನೀವು ಜಗಲಿಯಲ್ಲಿ ಹಾಡುತ್ತಿದ್ದೀರಿ, ಸ್ಪೀಕರ್ ಅಂಗಳ ದಾಟಿ ಕೊಟ್ಟಿಗೆಯ ಆಚೆ ಇದೆ. ತಾಳ ಹೇಗೆ ನಿಲ್ಲಬೇಕು?

ಮಳೆ ಯಾವುದು, ದನಿ ಯಾವುದು ಅಂತ ಬೇರ್ಪಡಿಸಲು ಆ ಪ್ಲಗಿನ್‌ಗೆ ಒಂದು ತುಂಡು ದನಿ ಪೂರ್ತಿ ಕೈಗೆ ಬರಬೇಕು. ಬಂದ ಮೇಲೆ ಲೆಕ್ಕ ಮಾಡಿ ಬಿಡುತ್ತದೆ. ಅದರ ತಪ್ಪಲ್ಲ, ಅದರ ಕೆಲಸವೇ ಹಾಗೆ. ರೆಕಾರ್ಡ್ ಆದ ಮೇಲೆ ಹಾಕಿದರೆ ರೀಪರ್ ಉಳಿದ ಟ್ರ್ಯಾಕ್‌ಗಳನ್ನೂ ಅಷ್ಟೇ ಹಿಂದೆ ಸರಿಸಿ ಹೊಂದಿಸುತ್ತದೆ, ತಡ ಗೊತ್ತೇ ಆಗುವುದಿಲ್ಲ. ಹಾಡುತ್ತಿರುವಾಗ ಮಾತ್ರ ಯಾವ ಸಾಫ್ಟ್‌ವೇರಿಗೂ ಹೊಂದಿಸಲು ಆಗದು, ಮುಂದೆ ಹಾಡಲಿರುವುದನ್ನು ಅದು ಹೇಗೆ ಕೇಳೀತು?

ಹಾಗಾಗಿ ಹಾಡುವಾಗ ರಿಯಾ-ಫಿರ್ ಬಂದ್. ಇನ್ನೂ ಸುಲಭ ಬೇಕಾದರೆ ನಿಮ್ಮ ಇಂಟರ್‌ಫೇಸಿನ ಮುಂದೆ ಡೈರೆಕ್ಟ್ ಮಾನಿಟರ್ ಸ್ವಿಚ್ ಇದೆಯಾ ನೋಡಿ. ಅದನ್ನು ಹಾಕಿ, ರೀಪರ್‌ನಲ್ಲಿ ಟ್ರ್ಯಾಕಿನ ಮಾನಿಟರ್ ಆಫ್ ಮಾಡಿ. ದನಿ ಕಂಪ್ಯೂಟರಿನೊಳಗೆ ಸುತ್ತಿ ಬರದೆ ಡಬ್ಬಿಯಿಂದಲೇ ಕಿವಿಗೆ ಬರುತ್ತದೆ. ಎರಡೂ ಆನ್ ಇದ್ದರೆ ಜೋಡಿ ದನಿ ಕೇಳುತ್ತದೆ, ಗಾಬರಿಯಾಗಬೇಡಿ.

ತುಂಗೆಯದಡ

ಮಳೆ ಬಗ್ಗೆ ನನ್ನದೊಂದು ಮಾತು. ಆ ಸಬ್‌ಟ್ರ್ಯಾಕ್ಟ್ ಫ್ಯಾನಿನ ಸದ್ದಿಗೆ ಒಳ್ಳೆಯದು, ಫ್ಯಾನ್ ಒಂದೇ ಸಮ ತಿರುಗುತ್ತದೆ. ಮಳೆ ಹಾಗಲ್ಲ, ಜೋರಾಗುತ್ತದೆ, ಇಳಿಯುತ್ತದೆ, ನಡುವೆ ಗಾಳಿ. ಜಾಸ್ತಿ ಕಳೆದರೆ ದನಿ ಹಂಡೆಯೊಳಗೆ ಕೂತು ಹಾಡಿದ ಹಾಗೆ ಆಗುತ್ತದೆ. ಗಮಕಗಳ ಅಂಚು ಮೊದಲು ಹೋಗುತ್ತದೆ. ಪಕ್ಕದ ಹೊಸಹಳ್ಳಿಯಲ್ಲಿ ಗಮಕ ವಾಚನ ಕೇಳಿ ಬೆಳೆದ ಕಿವಿಗೆ ಅದು ಸಹಿಸದು.

ಹಂಚಿನ ಕಡೆಯ ಕೋಣೆಗೆ ಹೋಗಿ. ಕಂಬಳಿ ಇದ್ದೇ ಇರುತ್ತದಲ್ಲ, ಎರಡು ಹಿಂದೆ, ಒಂದು ಪಕ್ಕ ನೇತುಹಾಕಿ. ಬೆನ್ನ ಹಿಂದಿನದು ಮುಖ್ಯ, ಮೈಕ್ ನಿಮ್ಮನ್ನು ನೋಡುತ್ತಿರುತ್ತದೆ, ನಿಮ್ಮ ಹಿಂದಿನದನ್ನೂ ನೋಡುತ್ತದೆ. ಬಾಯಿಗೆ ನಾಲ್ಕು ಬೆರಳು ದೂರ. ಕಂಡೆನ್ಸರ್ ಮೈಕ್ ಕೊಳ್ಳಿ ಅಂತ ಯಾರಾದರೂ ಹೇಳಿದರೆ ಸದ್ಯ ಕೇಳಬೇಡಿ. ಅದು ಊರಿನ ಮಳೆಯನ್ನೆಲ್ಲ ಒಳಗೆ ಕರೆಯುತ್ತದೆ. ಮಳೆಗಾಲದಲ್ಲಿ ಮೈಕನ್ನು ಸ್ಟ್ಯಾಂಡಿನಲ್ಲೇ ಬಿಡಬೇಡಿ, ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಕಂಬಳಿಕೊಪ್ಪೆ

ರಿಯಾ-ಫಿರ್ ತೆಗೆದೆ. ತಡ ಇಲ್ಲ! ಎರಡು ವಾರ ಸುಮ್ನೆ ಕಂಪ್ಯೂಟರಿಗೆ ಬೈದೆ. ಕಂಬಳಿ ಕಟ್ಟಿದೆ, ಅಮ್ಮ ಬಂದು ನೋಡಿ "ಯಾರಿಗೆ ಬಾಣಂತನ" ಅಂದರು.

ಒಂದು ಸಣ್ಣ ಗುಂಯ್ ಸದ್ದು ಉಳಿದಿದೆ, ಚಾರ್ಜರ್ ಹಾಕಿದಾಗ ಮಾತ್ರ. ಮತ್ತೆ ಪ್ಲಗಿನ್ ಪ್ರಶ್ನೆ ಹಾಗೇ ಇದೆ.

ಕಪ್ಪುಒಂದು

ಗುಂಯ್‌ಗೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಹಾಡಿ, ಹಾಡೊಂದು ಐದು ನಿಮಿಷ ಅಲ್ವಾ. ಆಮೇಲೆ ಲ್ಯಾಪ್‌ಟಾಪ್, ಸ್ಪೀಕರ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ, ಆ ಪ್ಲಗ್ಗಿಗೆ ಅರ್ತ್ ಸರಿ ಇದೆಯಾ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಕರೆಂಟ್ ಹೋದಾಗ ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ರೆಕಾರ್ಡ್ ಮಾಡಬೇಡಿ, ಗುಂಯ್ ಇನ್ನೂ ಜಾಸ್ತಿ. ರೀಪರ್‌ನಲ್ಲಿ ಇಷ್ಟಿಷ್ಟು ನಿಮಿಷಕ್ಕೊಮ್ಮೆ ತಾನೇ ಬ್ಯಾಕಪ್ ಉಳಿಸುವ ಆಯ್ಕೆ ಇದೆ, ಅದನ್ನು ಇವತ್ತೇ ಆನ್ ಮಾಡಿ.

ಪ್ಲಗಿನ್: ಇಕ್ಯು (ದನಿಯ ದಪ್ಪ-ತೆಳು ತಿದ್ದುವುದು), ಕಂಪ್ರೆಸರ್ (ಜೋರು-ಮೆಲು ಸಮ ಮಾಡುವುದು) ಕೊಳ್ಳಬೇಡಿ. ರೀಪರ್ ಜೊತೆಗೆ ಬಂದ ರಿಯಾ-ಇಕ್ಯು, ರಿಯಾ-ಕಾಂಪ್ ನೋಡಲು ಬೋಳು, ಕೆಲಸದಲ್ಲಿ ಗಟ್ಟಿ. ಪ್ರತಿಧ್ವನಿಗೆ ವಲ್ಹಲ್ಲಾ ಸೂಪರ್‌ಮ್ಯಾಸಿವ್ ಉಚಿತ, ಆದರೆ ಭಾವಗೀತೆಗೆ ಚಿಟಿಕೆ ಸಾಕು, ಇಲ್ಲದಿದ್ದರೆ ದೇವಸ್ಥಾನದ ಮೈಕ್ ಆಗುತ್ತದೆ. ಸಿಂಥ್ (ಎಲೆಕ್ಟ್ರಾನಿಕ್ ವಾದ್ಯ) ಬೇಕಾದರೆ ಸರ್ಜ್ ಎಕ್ಸ್‌ಟಿ, ಅದೂ ಉಚಿತ. ವಯಲಿನ್ ಗುಂಪಿಗೆ ಸ್ಪಿಟ್‌ಫೈರ್‌ನ ಲ್ಯಾಬ್ಸ್‌ನಲ್ಲಿರುವ ಉಚಿತ ವಾದ್ಯಗಳು. 8 ಜಿಬಿ ರ‍್ಯಾಮ್‌ಗೆ ದೊಡ್ಡ ಆರ್ಕೆಸ್ಟ್ರಾ ಪ್ಲಗಿನ್ ಹೊರೆ. ಒಂದು ಟ್ರ್ಯಾಕ್ ಮುಗಿದ ಮೇಲೆ ಅದನ್ನು ಫ್ರೀಜ್ ಮಾಡಿ, ಪ್ಲಗಿನ್ ಇಳಿದು ಬರೀ ಆಡಿಯೋ ಉಳಿಯುತ್ತದೆ.

ತಬಲಾಕ್ಕೆ ಸ್ವರ್‌ಪ್ಲಗ್ ಅಂತ ಭಾರತೀಯ ವಾದ್ಯಗಳದ್ದೇ ಒಂದು ಇದೆ, ದುಡ್ಡಿನದು. ಡೆಮೋ ಕೇಳಿ ನಿರ್ಧರಿಸಿ. ತಂಬೂರಿಗೆ ಪ್ಲಗಿನ್ ಯಾಕೆ, ಶ್ರುತಿ ಆ್ಯಪ್‌ನಿಂದ ಒಂದು ನಿಮಿಷ ರೆಕಾರ್ಡ್ ಮಾಡಿ ಲೂಪ್ ಮಾಡಿ.

ಕೊಳಲಿನ ಪ್ಲಗಿನ್ ಮಾತ್ರ ನನಗೆ ಯಾವುದೂ ಒಪ್ಪಿಗೆಯಾಗಿಲ್ಲ. ಕೀಬೋರ್ಡಿನ ಪಿಚ್ ವೀಲ್ ಸಾಮಾನ್ಯವಾಗಿ ಎರಡು ಸೆಮಿಟೋನ್ ಮೇಲೆ, ಎರಡು ಕೆಳಗೆ. ಅದರಲ್ಲಿ ಒಂದು ಜಾರು ಹಾಕಬಹುದು, ತೋಡಿಯ ಗಾಂಧಾರ ಅಲ್ಲಾಡಿಸಲು ಆಗದು. ಊರಲ್ಲಿ ಕೊಳಲು ಊದುವ ಹುಡುಗ ಸಿಕ್ಕರೆ ಅವನಿಗೆ ಒಂದು ಸಾವಿರ ಕೊಡಿ.

ಚಂಡೆಪೆಟ್ಟು (ಸಾಗರ)

ಕೊನೆಯ ಮಾತಿಗೆ ಜೈ. ಚಂಡೆಗೆ ಪ್ಲಗಿನ್ ಹುಡುಕಿ ಸಾಕಾಗಿ, ನಮ್ಮ ಮೇಳದ ಚಂಡೆಯವರನ್ನು ಕೂರಿಸಿ ಒಂದೊಂದೇ ಪೆಟ್ಟು ರೆಕಾರ್ಡ್ ಮಾಡಿದೆ. ಮೆಲ್ಲಗೆ, ಮಧ್ಯಮ, ಜೋರು, ಒಟ್ಟು 40 ಪೆಟ್ಟು. ರೀಪರ್ ಒಳಗೇ ರಿಯಾ-ಸ್ಯಾಂಪಲೋಮ್ಯಾಟಿಕ್ 5000 ಅಂತ ಇದೆ, ಅದಕ್ಕೆ ಹಾಕಿದರೆ ಕೀಬೋರ್ಡಿನಲ್ಲಿ ಬಾರಿಸಬಹುದು. ಮೈಕ್ ಎರಡು ಮಾರು ದೂರ, ಗೇನ್ ತುಂಬಾ ಕೆಳಗೆ. ಮೊದಲ ಪೆಟ್ಟಿಗೇ ನನ್ನ ಮೀಟರ್ ಕೆಂಪಾಗಿತ್ತು.

ಕಂಬಳಿಕೊಪ್ಪೆ

ಕೊಳಲಿನ ಹುಡುಗ ಸಿಕ್ಕಿದ, ಪಕ್ಕದೂರಿನವನೇ. ಸಾವಿರ ಬೇಡ ಅಂದ, ಅವನ ಹಾಡಿಗೆ ನಾನು ಹಾರ್ಮೋನಿಯಂ ನುಡಿಸಬೇಕಂತೆ. ಕೊನೆಯ ಪ್ರಶ್ನೆ. ರೀಪರ್‌ನ 60 ದಿನದ ಟ್ರಯಲ್ ಮುಗಿದ ಮೇಲೆ ನನ್ನ ಪ್ರಾಜೆಕ್ಟ್ ಮತ್ತೆ ತೆರೆಯದೆ ಹೋಗುತ್ತದಾ? ಒಮ್ಮೆ ಬೆಂದಿದ್ದೇನೆ.

ಕಪ್ಪುಒಂದು

ತೆರೆಯುತ್ತದೆ. ಶುರುವಿನಲ್ಲಿ ಲೈಸೆನ್ಸ್ ಕೊಳ್ಳಿ ಅಂತ ಒಂದು ಕಿಟಕಿ ಬಂದು ನಿಲ್ಲುತ್ತದೆ, ಅಷ್ಟೇ. ಆದರೂ ಕೊಳ್ಳಿ. ಮನೆಯಲ್ಲಿ ಮಾಡುವವರಿಗೆ 60 ಡಾಲರ್, ನಮ್ಮ ಲೆಕ್ಕದಲ್ಲಿ ಐದು ಸಾವಿರ ಚಿಲ್ಲರೆ, ವರ್ಷ ವರ್ಷ ಕಟ್ಟುವುದಲ್ಲ. ಡೆಬಿಟ್ ಕಾರ್ಡಿನಲ್ಲಿ ವಿದೇಶಿ ಪಾವತಿ ಮೊದಲೇ ಆನ್ ಮಾಡಿಕೊಳ್ಳಿ, ಇಲ್ಲದಿದ್ದರೆ ಅರ್ಧದಲ್ಲಿ ನಿಲ್ಲುತ್ತದೆ. ಉಳಿದ ದುಡ್ಡಿಗೆ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ವಾದ್ಯಗಳು ಲೋಡ್ ಆಗುವುದು ಬೇಗ.

ಕಂಬಳಿಕೊಪ್ಪೆ

ಸರಿ. ಎಸ್‌ಎಸ್‌ಡಿ ಈ ತಿಂಗಳು, ರೀಪರ್ ಅಡಿಕೆ ದುಡ್ಡು ಬಂದ ಮೇಲೆ.