ಹರಾಜಿನಲ್ಲಿ ಬಿಡ್ ಮಾಡುವುದಕ್ಕೆ ‘ಸವಾಲು’ ಅಂದರೆ ನಿಮಗೆ ತಿಳಿಯುತ್ತದಾ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಒಂದು ಪ್ರಶ್ನೆ.

ನಾನು ನಿಜಾಮರ ಕಾಲದ ಬೆಳ್ಳಿ ರೂಪಾಯಿ ಕೂಡಿಸುತ್ತೇನೆ. ವ್ಯಾಪಾರಕ್ಕಲ್ಲ, ಸುಮ್ನೆ ಖುಷಿಗೆ. ಹೋದ ತಿಂಗಳು ಆನ್‌ಲೈನ್ ಹರಾಜಿಗೆ ಚಾರ್‌ಮಿನಾರ್ ರೂಪಾಯಿ ಒಂದು ಬಂದಿತ್ತು. ಈ ನಾಣ್ಯದ ಮೇಲೆ ಚಾರ್‌ಮಿನಾರಿನ ಬಾಗಿಲೊಳಗೆ ಒಂದು ಸಣ್ಣ ಅರಬ್ಬಿ ಅಕ್ಷರ ಇರುತ್ತದೆ. ನಿಜಾಮ ಮಹಬೂಬ್ ಅಲಿ ಖಾನರದಾದರೆ ‘ಮೀಮ್’, 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದಾದರೆ ‘ಐನ್’. ನನ್ನ ಹತ್ತಿರ ಐನ್ ನಾಲ್ಕಿದ್ದವು, ಮೀಮ್ ಒಂದೂ ಇರಲಿಲ್ಲ. ಹರಾಜಿಗೆ ಬಂದದ್ದು ಮೀಮ್. (ಈ ರೂಪಾಯಿಗೆ ‘ಹಾಲಿ ಸಿಕ್ಕಾ’ ಅನ್ನುತ್ತಿದ್ದರು. ಹಾಲಿ ಶಾಸಕರು ಅಂತೀವಲ್ಲ, ಅದೇ ಹಾಲಿ. ಈಗ ಎಲ್ಲೂ ನಡೆಯದ ದುಡ್ಡಿಗೆ ಎಂಥ ಹೆಸರು ನೋಡಿ.)

ಖುಷಿಯಲ್ಲಿ ಮೈಸೂರಿನ ಗೆಳೆಯರಿಗೆ ಮೆಸೇಜ್ ಕಳಿಸಿದೆ: ‘ನಾಲ್ಕು ಸಾವಿರಕ್ಕೆ ಸವಾಲು ಹಾಕೀನಿ.’ ಅವರು ಗಾಬರಿಯಾಗಿ ಫೋನ್ ಮಾಡಿದರು. ‘ಯಾರಿಗೆ ಸವಾಲು ಹಾಕಿದ್ರಿ? ಜಗಳ ಏನಾದ್ರೂ ಆಯ್ತಾ?’

ನಮ್ಮ ಕಡೆ ಜಾತ್ರೆಯಲ್ಲಿ ದೇವರಿಗೆ ಬಂದ ತೆಂಗು, ಸೀರೆ ಹರಾಜಿಗೆ ಇಟ್ಟಾಗ ಜನ ಕೂಗುವ ಬೆಲೆಯೇ ಸವಾಲು. ‘ಸವಾಲ್ ಯಾರ ಮ್ಯಾಲ ನಿಂತದ?’ ಅಂತ ಕೇಳುತ್ತಾರೆ. ಮೂಲದ ಅರಬ್ಬಿಯಲ್ಲಿ ಇದರ ಅರ್ಥ ಪ್ರಶ್ನೆ. ಕೋರ್ಟಿನ ಪಾಟೀಸವಾಲಿನಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಪೇಪರಿನಲ್ಲಿ ಮಾತ್ರ ಸವಾಲು ಅಂದರೆ ಪಂಥ.

ಆಮೇಲೆ ಹೊಳೆಯಿತು, ನನ್ನ ತಪ್ಪು ಸವಾಲಿನಲ್ಲಿ ಇರಲಿಲ್ಲ, ‘ಹಾಕು’ ಅನ್ನುವುದರಲ್ಲಿತ್ತು. ಸವಾಲು ಹಾಕಿದರೆ ಪಂಥ, ಸವಾಲು ಕೂಗಿದರೆ ಬಿಡ್. ಆದರೆ ರಾತ್ರಿ ಹನ್ನೊಂದಕ್ಕೆ ಮನೆಯವರೆಲ್ಲ ಮಲಗಿದಾಗ, ಹಾಸಿಗೆಯಲ್ಲಿ ಕೂತು ಹೆಬ್ಬೆರಳಿನಲ್ಲಿ ಒತ್ತಿದ್ದನ್ನು ‘ಕೂಗಿದೆ’ ಅನ್ನುವುದು ಹೇಗೆ? ಬಿಡ್‌ಗೆ ಹಿಂದಿಯವರು ಅನ್ನುವ ‘ಬೋಲಿ’ಯೂ ಬಾಯಿಯ ಮಾತೇ. ಹರಾಜು, ಲಿಲಾವು ಎರಡೂ ಇಡೀ ವ್ಯವಹಾರದ ಹೆಸರು. ಮೊದಲನೆಯದು ಅರಬ್ಬಿಯಿಂದ ಬಂದದ್ದು, ಎರಡನೆಯದು ಪೋರ್ಚುಗೀಸಿನಿಂದ. ‘ಹರಾಜು ಕೂಗಿದರು’ ಅಂದರೆ ಮಾರುವವನು ಕೂಗಿದನೋ ಕೊಳ್ಳುವವನೋ ತಿಳಿಯುವುದೇ ಇಲ್ಲ. ‘ಬಿಡ್ ಮಾಡಿದೆ’ ಅಂದುಬಿಡಬಹುದು, ನಿಜ. ಆದರೆ ಕೈಯಲ್ಲೇ ಇರುವ ಪದ ಬಿಡಲು ನನಗೆ ಮನಸ್ಸಿಲ್ಲ.

ಇನ್ನೊಂದು ತೊಡಕು ಬೆಲೆಯದು. ನಾಣ್ಯ ನನಗೆ 4,000ಕ್ಕೇ ನಿಂತಿತು. ಬಿಲ್ ನೋಡಿದರೆ 5,000 ದಾಟಿತ್ತು! ಹರಾಜು ಮಾಡುವವರು ಕೊಳ್ಳುವವರಿಂದ ಶೇಕಡಾ ಇಷ್ಟು ಅಂತ ಪ್ರೀಮಿಯಂ ಹಿಡಿಯುತ್ತಾರೆ, ಅದರ ಮೇಲೆ ಜಿಎಸ್‌ಟಿ, ಅಂಚೆ ಖರ್ಚು. ನಿಯಮದಲ್ಲಿ ಬರೆದಿತ್ತು, ನಾನೇ ಓದಿರಲಿಲ್ಲ. ಈ ಪ್ರೀಮಿಯಂಗೆ ‘ಕೊಳ್ಳುವವರ ದಲಾಲಿ’ ಅಂದರೆ ಸಾಕು ಅನಿಸುತ್ತದೆ. ಇಲ್ಲಿನ ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ) ತೊಗರಿ ಒಯ್ದವರಿಗೆ ದಲಾಲಿ, ಹಮಾಲಿ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದಲಾಲಿ ಸೇರುವ ಮೊದಲು, ಸುತ್ತಿಗೆ ಬಡಿದಾಗ ನಿಲ್ಲುವ ಬೆಲೆಗೆ ಏನನ್ನಬೇಕು? ‘ಸುತ್ತಿಗೆ ಬೆಲೆ’ ಅಂದರೆ ಹಾರ್ಡ್‌ವೇರ್ ಅಂಗಡಿ ನೆನಪಾಗುತ್ತದೆ. ‘ಒಂದು ಸಾರಿ, ಎರಡು ಸಾರಿ, ಮೂರು ಸಾರಿ’ ಅಂತ ಕೂಗಿ ಮುಗಿಸಿದಾಗ ಬೆಲೆ ಅಲ್ಲೇ ನಿಲ್ಲುತ್ತದಲ್ವಾ, ಹಾಗಾಗಿ ನಾನು ‘ನಿಂತ ಬೆಲೆ’ ಅಂತ ಬರೆದುಕೊಳ್ಳುತ್ತಿದ್ದೇನೆ.

ಮಂಡ್ಯ, ಮಂಗಳೂರು, ಶಿವಮೊಗ್ಗ ಕಡೆಯವರು ಹೇಳಿ: ನಿಮ್ಮಲ್ಲಿ ದೇವಸ್ಥಾನದ ಹರಾಜಿನಲ್ಲಿ ಬೆಲೆ ಏರಿಸುವುದಕ್ಕೆ ಏನನ್ನುತ್ತಾರೆ? ‘ಸವಾಲು’ ಈ ಅರ್ಥದಲ್ಲಿ ಕಿವಿಗೆ ಬಿದ್ದಿದೆಯಾ?