ಪೇಲಿನ್‌ರನ್ನು ಆರಿಸಿದ್ದು ಮೆಕೇನ್ ಆಡಿದ ಜೂಜೇ? (ಚರ್ಚೆ)

ತಿಪಟೂರಿನವ:
ನಾನಿರೋದು ಡಲ್ಲಾಸ್, ಮತ ಹಾಕೋದು ರಿಪಬ್ಲಿಕನ್ ಪಕ್ಷಕ್ಕೆ. ಮೊದಲೇ ಹೇಳಿಬಿಟ್ಟೆ, ಆಮೇಲೆ ಯಾರೂ ದೊಡ್ಡ ಗುಟ್ಟು ಬಯಲು ಮಾಡಿದವರ ಥರ ಆಡಬೇಡಿ. ನಮ್ಮ ಪಕ್ಷದಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಯಾರು ಅನ್ನೋ ಮಾತು ಬಂದಾಗಲೆಲ್ಲ ನನಗೆ 2008 ಕಣ್ಣ ಮುಂದೆ ಬರತ್ತೆ. ಆಗ ನಮ್ಮ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಜಾನ್ ಮೆಕೇನ್. ಆಗಸ್ಟ್ 29, ಅವರಿಗೆ 72 ತುಂಬಿದ ದಿನ. ಓಹಾಯೋದ ಡೇಟನ್‌ನಲ್ಲಿ ಉಪಾಧ್ಯಕ್ಷ ಅಭ್ಯರ್ಥಿ ಅಂತ ವೇದಿಕೆ ಹತ್ತಿಸಿದ್ದು ಸಾರಾ ಪೇಲಿನ್‌ರನ್ನ. ಅವರು ಅಲಾಸ್ಕಾಗೆ ಗವರ್ನರ್ ಆಗಿ ಆಗಿನ್ನೂ ಇಪ್ಪತ್ತು ತಿಂಗಳು. ಅದಕ್ಕೂ ಹಿಂದೆ ವಸಿಲ್ಲಾ ಅನ್ನೋ ಊರಿನ ಮೇಯರ್. 2000ದ ಜನಗಣತಿಯಲ್ಲಿ ಆ ಊರಲ್ಲಿ ಐದೂವರೆ ಸಾವಿರ ಜನ, ನಮ್ಮಲ್ಲಾದರೆ ಒಂದು ಗ್ರಾಮ ಪಂಚಾಯಿತಿ.

ಮೆಕೇನ್ ಮನಸ್ಸಲ್ಲಿ ಇದ್ದದ್ದು ಜೋ ಲೀಬರ್ಮನ್. 2000ದಲ್ಲಿ ಅಲ್ ಗೋರ್ ಜೊತೆ ಎದುರಿನ ಡೆಮಾಕ್ರಟಿಕ್ ಪಕ್ಷದಿಂದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತವನು, ಗರ್ಭಪಾತದ ಹಕ್ಕಿನ ಪರ ಇದ್ದವನು. ಅವನನ್ನು ತಂದರೆ ನಮ್ಮ ಪಕ್ಷದ ಸಮಾವೇಶದಲ್ಲೇ ದಂಗೆ ಏಳ್ತಾರೆ ಅಂತ ಸುತ್ತಲಿನವರು ಹೆದರಿಸಿದರು, ಇವರು ಹೆದರಿದರು. ಮೆಕೇನ್ ತಾವು ತೀರಿಕೊಂಡ ವರ್ಷ ಬಂದ ಪುಸ್ತಕದಲ್ಲಿ ಆ ಬೇಜಾರನ್ನು ಬರೆದೂಕೊಂಡರು.

ಅಧ್ಯಕ್ಷರು ಹೋದರೆ ಆ ಕ್ಷಣಕ್ಕೇ ಕುರ್ಚಿಯಲ್ಲಿ ಕೂರಬೇಕಾದವರು ಉಪಾಧ್ಯಕ್ಷರು. ಇದುವರೆಗೆ ಒಂಬತ್ತು ಜನ ಹಾಗೇ ಕೂತಿದ್ದಾರೆ. 2000ದಲ್ಲಿ ಚರ್ಮದ ಕ್ಯಾನ್ಸರ್‌ಗೆ ಆಪರೇಷನ್ ಆಗಿದ್ದ 72ರ ಮನುಷ್ಯ ಇಪ್ಪತ್ತು ತಿಂಗಳ ಅನುಭವದವರನ್ನು ಆರಿಸಿದ್ದು ಜೂಜಲ್ಲದೆ ಇನ್ನೇನು? ಲೀಬರ್ಮನ್ ಆಗಲ್ಲ ಅಂದ್ರೆ ಮಿನ್ನೆಸೋಟಾ ಗವರ್ನರ್ ಪಾಲೆಂಟಿ ಇದ್ದರು, ಮ್ಯಾಸಚೂಸೆಟ್ಸ್ ಗವರ್ನರ್ ಆಗಿದ್ದ ರಾಮ್ನಿ ಇದ್ದರು.

ಕಾವೇರಿ_ಸಿಯಾಟಲ್:
"ಇಪ್ಪತ್ತು ತಿಂಗಳು" ಅಂತ ಮೂಗು ಮುರಿಯೋರಿಗೆ ಒಂದು ಲೆಕ್ಕ. ಥಿಯೋಡರ್ ರೂಸ್‌ವೆಲ್ಟ್ 1900ರ ಜೂನ್‌ನಲ್ಲಿ ಉಪಾಧ್ಯಕ್ಷ ಅಭ್ಯರ್ಥಿ ಆದಾಗ ನ್ಯೂಯಾರ್ಕ್ ಗವರ್ನರ್ ಆಗಿ ಒಂದೂವರೆ ವರ್ಷ ಆಗಿತ್ತು ಅಷ್ಟೇ. 1901ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಮೆಕಿನ್ಲಿ ಗುಂಡೇಟಿಗೆ ಬಲಿಯಾದರು, ಈತ ಅಧ್ಯಕ್ಷ. ಈಗ ಈತನ ಮುಖ ದೊಡ್ಡ ಅಧ್ಯಕ್ಷರ ಮುಖ ಕೆತ್ತಿರೋ ಮೌಂಟ್ ರಶ್ಮೋರ್ ಬಂಡೆಯ ಮೇಲಿದೆ. ಪೇಲಿನ್ 2007ರಲ್ಲಿ ತೈಲ ಕಂಪನಿಗಳ ಮೇಲೆ ತೆರಿಗೆ ಏರಿಸಿದವರು, ಅದೂ ಸ್ವಂತ ಪಕ್ಷದ ಘಟಾನುಘಟಿಗಳನ್ನು ಎದುರು ಹಾಕಿಕೊಂಡು. ನಿಮ್ಮ ಪಾಲೆಂಟಿ ಯಾರನ್ನು ಎದುರು ಹಾಕಿಕೊಂಡಿದ್ದರು? ಇನ್ನು ಅಲಾಸ್ಕಾ ಅಂದ್ರೆ ಇಡೀ ಭಾರತದ ಅರ್ಧಕ್ಕಿಂತ ದೊಡ್ಡ ಭೂಮಿ, ಗ್ರಾಮ ಪಂಚಾಯಿತಿ ಅಲ್ಲ.

ಧಾರವಾಡ ಪೇಡಾ:
ಭೂಮಿ ದೊಡ್ಡದೈತಿ, ಮಂದಿ ಎಷ್ಟದಾರ್ರಿ? 2010ರ ಎಣಿಕ್ಯಾಗ ಏಳು ಲಕ್ಷದ ಮ್ಯಾಲ ಹತ್ತು ಸಾವಿರ. ಮೈಸೂರಿನಷ್ಟೂ ಇಲ್ಲ. ಹಿಮಕರಡಿಗೂ ವೋಟಿದ್ರ ಮಾತು ಬ್ಯಾರೆ. ರೂಸ್‌ವೆಲ್ಟ್ ಅವರ ಜೋಡಿ ಹೋಲಿಸ್ತೀರಲ್ಲ, ಅವರು ನೌಕಾಪಡೆ ಇಲಾಖ್ಯಾಗ ಸಹಾಯಕ ಕಾರ್ಯದರ್ಶಿ ಇದ್ರು, ನ್ಯೂಯಾರ್ಕ್ ಪೊಲೀಸ್ ಕಮಿಷನರ್ ಇದ್ರು, ಕ್ಯೂಬಾದಾಗ ಯುದ್ಧ ಮಾಡಿ ಬಂದಿದ್ರು. ಮನಿ ಕಿಡಕ್ಯಾಗಿಂದ ರಷ್ಯಾ ಕಾಣ್ತೈತಿ ಅಂದಾಕಿ ಜೋಡಿ ಅವರನ್ನ ತೂಗಬ್ಯಾಡ್ರಿ.

ಕಾವೇರಿ_ಸಿಯಾಟಲ್:
ಬಂತು ನೋಡಿ! ಇದಕ್ಕೇ ಕಾಯ್ತಿದ್ದೆ. "ನಮ್ಮ ಮನೆಯಿಂದ ರಷ್ಯಾ ಕಾಣತ್ತೆ" ಅಂದದ್ದು ಪೇಲಿನ್ ಅಲ್ಲ, ಟೀನಾ ಫೇ. 2008ರ ಸೆಪ್ಟೆಂಬರ್ 13ರ ರಾತ್ರಿ, ಟೀವಿ ಹಾಸ್ಯ ಕಾರ್ಯಕ್ರಮದಲ್ಲಿ, ಪೇಲಿನ್ ವೇಷ ಹಾಕಿಕೊಂಡು. ನಟಿ ಹೇಳಿದ ಡೈಲಾಗನ್ನು ರಾಜಕಾರಣಿಯ ತಲೆಗೆ ಕಟ್ಟಿ ಇಷ್ಟು ವರ್ಷ ನಗ್ತಿದ್ದೀರಿ. ನಾಳೆ ನಾಟಕದ ಕಂಸನ ಮೇಲೆ ಎಫ್‌ಐಆರ್ ಹಾಕಿಸ್ತೀರಾ?

ಧಾರವಾಡ ಪೇಡಾ:
ಶಬ್ದ ಟೀನಾ ಫೇದು, ಮೂಲ ಈಕೀದೇ. ಎರಡು ದಿನ ಮೊದಲ ಟೀವಿ ಪತ್ರಕರ್ತ ಚಾರ್ಲಿ ಗಿಬ್ಸನ್ ಮುಂದ ಕುಂತು ಹೇಳ್ಯಾಳಲ್ಲ, ಅಲಾಸ್ಕಾದ ನೆಲದಾಗಿಂದ, ಒಂದು ದ್ವೀಪದಾಗಿಂದ ರಷ್ಯಾ ಕಾಣ್ತೈತಿ ಅಂತ. ರಷ್ಯಾ ಸನೇಕ ಇರೋದರಿಂದ ನಿಮಗ ಅವರ ಬಗ್ಗೆ ಏನು ತಿಳದೈತಿ ಅಂತ ಕೇಳಿದ್ದಕ್ಕ ಇದು ಉತ್ತರ!

ಚುರುಮುರಿ:
ನಂದಿಬೆಟ್ಟದಿಂದ ಬೆಂಗಳೂರು ಕಾಣತ್ತೆ. ಹಾಗಂತ ಬೆಟ್ಟದ ಮೇಲೆ ಸೌತೆಕಾಯಿ ಮಾರೋನನ್ನ ಬೆಂಗಳೂರಿನ ಮೇಯರ್ ಮಾಡ್ತಾರಾ?

ಹಳೇ ಪೇಪರ್:
ಮಾನ್ಯರೇ, ಭೂಗೋಳದ ಮಟ್ಟಿಗೆ ಆಕೆ ಹೇಳಿದ್ದು ಸರಿ. ಬೇರಿಂಗ್ ಜಲಸಂಧಿಯಲ್ಲಿ ಎರಡು ಡಯೋಮಿಡ್ ದ್ವೀಪಗಳಿವೆ. ಚಿಕ್ಕದು ಅಮೆರಿಕದ್ದು, ದೊಡ್ಡದು ರಷ್ಯಾದ್ದು. ನಡುವೆ ಸುಮಾರು 4 ಕಿ.ಮೀ. ನೀರು, ಅದರ ನಡುವೆ ಅಂತರರಾಷ್ಟ್ರೀಯ ದಿನರೇಖೆ. ಇಲ್ಲಿ ಭಾನುವಾರವಾದರೆ ಎದುರಿಗೆ ಸೋಮವಾರ ಕಾಣುತ್ತದೆ. ಆದರೆ ರಾಜ್ಯದ ಭೂಪಟ ತೋರಿಸಿ ವಿದೇಶಾಂಗ ಜ್ಞಾನ ಎನ್ನುವುದು ಬೇರೆ ಮಾತು.

ಧಾರವಾಡ ಪೇಡಾ:
"ಬೇರೆ ಮಾತು" ಅಂದ್ರಲ್ಲ, ಅದ ನಾ ಹೇಳೂದು. ಹಳೇ ಪೇಪರ್ ಸರ್ ನನ್ನ ಕಡೆ ಅದಾರ.

ಕಾವೇರಿ_ಸಿಯಾಟಲ್:
"ಭೂಗೋಳದ ಮಟ್ಟಿಗೆ ಸರಿ" ಅಂದಿದ್ದಾರೆ, ಓದೋಕೆ ಬರತ್ತಾ? ಇನ್ನೊಂದು. ಬೆಳಗ್ಗಿಂದ ನೋಡ್ತಿದ್ದೀನಿ. ರೂಸ್‌ವೆಲ್ಟ್ "ಅವರು", ಅವರು "ಇದ್ರು", "ಬಂದಿದ್ರು". ಪೇಲಿನ್ "ಅಂದಾಕಿ", "ಹೇಳ್ಯಾಳ", "ಈಕೀದೇ". ಒಂದು ರಾಜ್ಯದ ಗವರ್ನರ್ ಆಗಿದ್ದವರಿಗೆ ಏಕವಚನ! ಇವರ ತಕ್ಕಡಿಯಲ್ಲಿ ಅನುಭವ ತೂಗ್ತಿಲ್ಲ, ಸೀರೆ ತೂಗ್ತಿದೆ.

ಧಾರವಾಡ ಪೇಡಾ:
ಅಯ್ಯ ದೇವರ! ನಮ್ಮ ಕಡೆ ಹೆತ್ತವ್ವಗೂ "ಆಕಿ" ಅಂತೀವ್ರಿ. ಅವ್ವ ಬಂದ್ಲು, ಅವ್ವ ಉಂಡ್ಲು. ಪ್ರೀತಿ ಇದ್ದಲ್ಲಿ ಏಕವಚನ. ಕಾವೇರಿ ನೀರು ಕುಡದವರಷ್ಟ ಕನ್ನಡಿಗರು ಅಂತ ತಿಳಕೊಂಡೀರೇನು?

ಕಾವೇರಿ_ಸಿಯಾಟಲ್:
ಪೇಲಿನ್ ಮೇಲೆ ಪ್ರೀತಿ ಇರೋದರಿಂದ ಏಕವಚನ ಅಂತೀರಾ? ಚೆನ್ನಾಗಿದೆ. ಹಾಗಾದರೆ ರೂಸ್‌ವೆಲ್ಟ್ ಮೇಲೆ ಯಾಕೆ ಪ್ರೀತಿ ಇಲ್ಲ? ನಿಮ್ಮ ಭಾಷೆ ಬಗ್ಗೆ ನಾನು ಒಂದಕ್ಷರ ಅಂದಿಲ್ಲ. ಒಂದೇ ಪ್ಯಾರಾದಲ್ಲಿ ಗಂಡಸಿಗೆ ಬಹುವಚನ, ಹೆಂಗಸಿಗೆ ಏಕವಚನ ಯಾಕೆ ಅಂತ ಕೇಳಿದೆ. ಅಮೆರಿಕದ ಪತ್ರಕರ್ತರೂ ಆಗ ಇದನ್ನೇ ಮಾಡಿದ್ದು. ಐದು ಮಕ್ಕಳ ತಾಯಿ ಈ ಕೆಲಸ ಹೇಗೆ ಮಾಡ್ತಾರೆ ಅಂತ ಕೇಳಿದರು. ಐದು ಮಕ್ಕಳ ಅಪ್ಪನಿಗೆ ಯಾರಾದರೂ ಕೇಳಿದ್ರಾ?

ಧಾರವಾಡ ಪೇಡಾ:
ಮ್ಯಾಲ ನೋಡ್ರಿ, ತಿಪಟೂರಿನವರು ಲೀಬರ್ಮನ್‌ಗ "ನಿಂತವನು, ಇದ್ದವನು" ಅಂದಾರ. ಗಂಡಸು ಅದಾನ ಆಂವ. ಅಲ್ಲಿ ನಿಮಗ ಸಿಟ್ಟು ಬರಲಿಲ್ಲ.

ತಿಪಟೂರಿನವ:
ನನ್ನನ್ನ ಯಾಕೆ ಎಳೀತೀರ್ರೀ ಮಧ್ಯಕ್ಕೆ? ಬರೆಯೋ ರಭಸದಲ್ಲಿ ಬಂದಿದ್ದು. ವಿಷಯ ಉಪಾಧ್ಯಕ್ಷರ ಅರ್ಹತೆ, ವ್ಯಾಕರಣ ಅಲ್ಲ.

ಹಳೇ ಪೇಪರ್:
ವ್ಯಾಕರಣದ ಮಾತು ಬಂದದ್ದರಿಂದ: ಗೌರವ ಬಹುವಚನವು ಲಿಂಗವನ್ನು ನೋಡುವುದಿಲ್ಲ, ಬರೆಯುವವನ ಮನಸ್ಸನ್ನು ನೋಡುತ್ತದೆ.

ಚುರುಮುರಿ:
ಸರ್, ನೀವೂ ಮೇಲೆ "ಆಕೆ" ಅಂದಿದ್ದೀರಿ 🙂

ಹಳೇ ಪೇಪರ್:
"ಆಕೆ" ಎಂಬುದು "ಅವಳು" ಅಲ್ಲ. ಅದರಲ್ಲಿ ಗೌರವ ಅಡಗಿದೆ. ಯಾವುದೇ ನಿಘಂಟು ತೆಗೆದು ನೋಡಬಹುದು.

ಧಾರವಾಡ ಪೇಡಾ:
"ಆಕೆ"ದಾಗ ಗೌರವ ಅಡಗೇತಿ, "ಆಕಿ"ದಾಗ ಇಲ್ಲ! ಒಂದು ಗುಡಿಸಿಗೆ ಎಷ್ಟು ರೇಟ್ರಿ?

ಕಾವೇರಿ_ಸಿಯಾಟಲ್:
ನಗಿಸಿ ಜಾರಿಕೊಳ್ಳಬೇಡಿ. ಆ ವರ್ಷದ ಅಕ್ಟೋಬರ್ 2ರಂದು ಎದುರು ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಬೈಡನ್ ಜೊತೆ ಪೇಲಿನ್ ಸೇಂಟ್ ಲೂಯಿಸ್‌ನಲ್ಲಿ ನಡೆದ ಚರ್ಚೆಯನ್ನು ಹತ್ತಿರ ಹತ್ತಿರ ಏಳು ಕೋಟಿ ಜನ ನೋಡಿದರು. ಮೆಕೇನ್-ಒಬಾಮಾ ಚರ್ಚೆಗಳಿಗೇ ಅಷ್ಟು ಜನ ಇರಲಿಲ್ಲ. ಸಮಾವೇಶ ಮುಗಿದ ಮರುವಾರ ಗ್ಯಾಲಪ್ ಸಮೀಕ್ಷೆಯಲ್ಲಿ ಮೆಕೇನ್ ಮುಂದಿದ್ದರು. ಸೆಪ್ಟೆಂಬರ್ 15ಕ್ಕೆ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು. ಅದೇ ದಿನ ಮೆಕೇನ್ "ಆರ್ಥಿಕತೆಯ ತಳಪಾಯ ಗಟ್ಟಿಯಾಗಿದೆ" ಅಂದರು. ಸೋಲು ಬಂದದ್ದು ಅಲ್ಲಿಂದ.

ಧಾರವಾಡ ಪೇಡಾ:
ಏಳು ಕೋಟಿ ಮಂದಿ ನೋಡಿದ್ದು ಬಸ್ಸು ಕಂದಕಕ್ಕ ಬೀಳ್ತೈತೇನು ಅಂತ. ಯಾವ ಪೇಪರ್ ಓದ್ತೀರಿ ಅಂತ ಟೀವಿ ಪತ್ರಕರ್ತೆ ಕೇಟಿ ಕೌರಿಕ್ ಕೇಳಿದ್ದಕ್ಕ ಒಂದು ಹೆಸರು ಬರಲಿಲ್ಲ ಬಾಯಾಗ. ಅಕ್ಟೋಬರ್ 10ಕ್ಕ ಅಲಾಸ್ಕಾ ಶಾಸಕಾಂಗದ ತನಿಖಾ ವರದಿ ಬಂತು, ತಂಗಿಯ ಮಾಜಿ ಗಂಡ ಇದ್ದ ಪೊಲೀಸ್ ಪ್ರಕರಣದಾಗ ಈಕಿಯಿಂದ ಅಧಿಕಾರ ದುರುಪಯೋಗ ಆಗೇತಿ ಅಂತ. ಇದಕ್ಕ ಏನಂತೀರಿ?

ಕಾವೇರಿ_ಸಿಯಾಟಲ್:
ನವೆಂಬರ್ 3ಕ್ಕೆ ರಾಜ್ಯದ ಸಿಬ್ಬಂದಿ ಮಂಡಳಿಯ ವರದಿ ಬಂತು, ನೈತಿಕ ನಿಯಮ ಉಲ್ಲಂಘನೆ ಆಗಿಲ್ಲ ಅಂತ. ಇದಕ್ಕೆ ನೀವು ಏನಂತೀರಿ?

ಹಳೇ ಪೇಪರ್:
ಅಕ್ಟೋಬರ್ ವರದಿಯಲ್ಲೇ ಇನ್ನೊಂದು ಸಾಲಿದೆ. ರಾಜ್ಯದ ಪೊಲೀಸರ ಮೇಲಿರುವ ಸಾರ್ವಜನಿಕ ಸುರಕ್ಷತಾ ಆಯುಕ್ತರನ್ನು ತೆಗೆದುಹಾಕುವ ಅಧಿಕಾರ ಗವರ್ನರ್‌ಗೆ ಕಾನೂನಿನ ಪ್ರಕಾರ ಇತ್ತು ಎಂದು. ಇಬ್ಬರೂ ಅದನ್ನು ಬಿಟ್ಟಿರಿ.

ಧಾರವಾಡ ಪೇಡಾ:
ನಾ ಬಿಟ್ಟಿದ್ದು ಖರೆ. ನನಗ ಬೇಕಾಗಿರಲಿಲ್ಲ.

ತಿಪಟೂರಿನವ:
ನಾನು ಕೇಳಿದ್ದು ಒಂದೇ. ಕುರ್ಚಿಯಲ್ಲಿ ಕೂರೋಕೆ ತಯಾರಿದ್ದರಾ? ವೋಟು ತರೋದು, ಗುಂಪು ಸೇರಿಸೋದು ಬೇರೆ. 2000ದಲ್ಲಿ ಬುಷ್ ಅವರು ಡಿಕ್ ಚೆನಿಯನ್ನು ತಂದಿದ್ದು ವೋಟಿಗಲ್ಲ. ವಯೋಮಿಂಗ್‌ನಲ್ಲಿ (ಅವರ ರಾಜ್ಯ) ಇರೋದೇ ಮೂರು ಎಲೆಕ್ಟೊರಲ್ ಮತ, ಅಂದ್ರೆ ಅಧ್ಯಕ್ಷರನ್ನು ಆರಿಸೋಕೆ ಆ ರಾಜ್ಯದ ಪಾಲಿಗೆ ಇರೋ ಮತ. ಸಂಸತ್ತು, ಶ್ವೇತಭವನ, ರಕ್ಷಣಾ ಖಾತೆ ಎಲ್ಲ ನೋಡಿದ್ದ ಮನುಷ್ಯ. ಹಾಗಿರಬೇಕು.

ಚುರುಮುರಿ:
ಚೆನಿ! ಅಭ್ಯರ್ಥಿ ಹುಡುಕಿ ಕೊಡಿ ಅಂತ ಕಳಿಸಿದರೆ ಊರೆಲ್ಲ ಸುತ್ತಿ ತಾನೇ ಬಾಸಿಂಗ ಕಟ್ಟಿಕೊಂಡು ಬಂದ ಮದುವೆ ದಲ್ಲಾಳಿ.

ಕಾವೇರಿ_ಸಿಯಾಟಲ್:
"ಹಾಗಿರಬೇಕು"? ಇರಾಕ್ ಯುದ್ಧ ತಂದ ಅನುಭವವಾ? ಅದಿರಲಿ ತಿಪಟೂರಿನವರೇ, ನಿಮಗೊಂದು ನೇರ ಪ್ರಶ್ನೆ. ಟ್ರಂಪ್ ಆರಿಸಿದ ಜೆ.ಡಿ. ವ್ಯಾನ್ಸ್ ಸೆನೆಟರ್ ಆಗಿದ್ದು 2023ರ ಜನವರಿಯಲ್ಲಿ. ಮಿಲ್ವಾಕಿ ಸಮಾವೇಶದಲ್ಲಿ ಉಪಾಧ್ಯಕ್ಷ ಅಭ್ಯರ್ಥಿ ಆಗಿದ್ದು 2024ರ ಜುಲೈ 15. ಹದಿನೆಂಟು ತಿಂಗಳು. ಅದಕ್ಕೆ ಮುಂಚೆ ಮೇಯರ್ ಇಲ್ಲ, ಗವರ್ನರ್ ಇಲ್ಲ, ಗ್ರಾಮ ಪಂಚಾಯಿತಿಯೂ ಇಲ್ಲ. ಆವಾಗ ಎಲ್ಲಿಟ್ಟಿದ್ರಿ ಈ ತಕ್ಕಡಿ? ಮತ ಹಾಕಿದ್ರೋ ಇಲ್ವೋ?

ಚುರುಮುರಿ:
ವ್ಯಾನ್ಸ್ ನಮ್ಮ ಪಕ್ಕದ ಮನೆ ಆಂಧ್ರದವರ ಅಳಿಯ ಕಣ್ರೀ, ಅದೇ ಅರ್ಹತೆ. ಹೆಂಡತಿ ಉಷಾ ಅವರ ಕಡೆಯ ಪೆಸರಟ್ಟು ತಿಂದ ಮೇಲೆ ಅನುಭವ ತಾನಾಗೇ ಬರತ್ತೆ.

ತಿಪಟೂರಿನವ:
ಹಾಕಿದೆ. ಆದರೆ ಅದು ಬೇರೆ. ಟ್ರಂಪ್ ಆಗಲೇ ನಾಲ್ಕು ವರ್ಷ ಆಳಿದ್ದವರು. ಮೇಲಿರೋರಿಗೆ ಕೆಲಸ ಗೊತ್ತಿದ್ದಾಗ ಕೆಳಗಿನವರು ಕಲಿತುಕೊಂಡರೂ ನಡೆಯತ್ತೆ. ವ್ಯಾನ್ಸ್ ಮರೀನ್‌ನಲ್ಲಿದ್ದು ಇರಾಕ್‌ಗೆ ಹೋಗಿ ಬಂದವರು ಬೇರೆ.

ಹಳೇ ಪೇಪರ್:
ಕ್ಷಮಿಸಿ. ತಾವು ಆರಂಭದಲ್ಲಿ ಮುಂದಿಟ್ಟ ಅಳತೆಗೋಲು ಅಧ್ಯಕ್ಷ ಅಭ್ಯರ್ಥಿಯ ವಯಸ್ಸು. ಮೆಕೇನ್ ಅವರಿಗೆ ಅಂದು 72. ವ್ಯಾನ್ಸ್ ಆಯ್ಕೆಯಾದ ದಿನ ಟ್ರಂಪ್ ಅವರಿಗೆ 78. ಅದಕ್ಕೆ ಎರಡೇ ದಿನ ಮೊದಲು ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಗುಂಡು ಅವರ ಕಿವಿಗೆ ತಗುಲಿ ಹೋಗಿತ್ತು.

ತಿಪಟೂರಿನವ:
ನಾನು ವಯಸ್ಸು ಅಂದಿಲ್ಲ, ಕ್ಯಾನ್ಸರ್ ಅಂದೆ.

ಕಾವೇರಿ_ಸಿಯಾಟಲ್:
"72ರ ಮನುಷ್ಯ" ಅಂತ ಬರೆದಿದ್ದೀರಿ, ಮೇಲೆ ಹೋಗಿ ನೋಡಿ. ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೀನಿ.

ತಿಪಟೂರಿನವ:
ಅಳಿಸೋ ಜಾಯಮಾನ ನನ್ನದಲ್ಲ. ನೀವು ಲೀಬರ್ಮನ್ ಬಗ್ಗೆ ಒಂದೇ ಒಂದು ಸಾಲು ಬರೆದಿಲ್ಲ, ಅದನ್ನೂ ಒಂದು ಸ್ಕ್ರೀನ್‌ಶಾಟ್ ತೆಗೀರಿ.

ಕಾವೇರಿ_ಸಿಯಾಟಲ್:
ಪಕ್ಷದವರೇ ಒಪ್ಪದ ಅಭ್ಯರ್ಥಿ ಬಗ್ಗೆ ಏನು ಬರೀಲಿ? ಸೇಂಟ್ ಪಾಲ್ ಸಮಾವೇಶದಲ್ಲಿ ಪೇಲಿನ್ ಮಾತಾಡಿದಾಗ ಎದ್ದು ನಿಂತಿದ್ದು ನಿಮ್ಮ ಪಕ್ಷದವರೇ. ನೀವೂ ನಿಂತಿದ್ರೇನೋ, ಟೀವಿ ಮುಂದೆ.

ತಿಪಟೂರಿನವ:
ನಿಂತಿದ್ದೆ. ಚೆನ್ನಾಗಿ ಮಾತಾಡಿದರು.

ಧಾರವಾಡ ಪೇಡಾ:
ಇಷ್ಟಕ್ಕ ಮುಂಜಾನಿಯಿಂದ ನಮ್ಮ ಜೀವಾ ತಿಂದ್ರಿ? ಮತ್ತ ಕಾವೇರಿ ಮೇಡಂ, ವ್ಯಾನ್ಸ್‌ಗೂ ನಾ "ಆಂವ" ಅಂತೀನಿ, ಟ್ರಂಪ್‌ಗೂ "ಆಂವ" ಅಂತೀನಿ. ಬರದಿಟ್ಟುಕೊಳ್ರಿ.

ಕಾವೇರಿ_ಸಿಯಾಟಲ್:
ರೂಸ್‌ವೆಲ್ಟ್‌ಗೆ?

ಧಾರವಾಡ ಪೇಡಾ:
ಅವರು ಸತ್ತು ಭಾಳ ವರ್ಷ ಆತ್ರಿ. ಸತ್ತವರಿಗೆ ಬಹುವಚನ.